ಬೂದಿ ಡಬ್ಬಿಯೂ ಬೈಯದ ಗುರುವೂ

ನನ್ನ ಲ್ಯಾಪ್‌ಟಾಪಿನ ಎಡಕ್ಕೆ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಇದೆ. ಮನೆಗೆ ಬಂದವರು ಅದನ್ನು ವಿಭೂತಿ ಎಂದುಕೊಂಡು ಕೈಮುಗಿಯುತ್ತಾರೆ. ‘ಕಂಪ್ಯೂಟರ್ ಮುಂದ ಕುಂತ್ರೂ ಶಿವನ್ನ ಮರ್ತಿಲ್ಲ ನೋಡ್ರಿ ಶರಣಮ್ಮ ಟೀಚರು’ ಎಂದು ಪಕ್ಕದ ಮನೆಯಾಕೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ಸುಮ್ಮನೆ ಬರುವ ಪುಣ್ಯವನ್ನು ಬೇಡ ಎನ್ನುವವರು ಯಾರು? ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಅದರಲ್ಲಿರುವುದು ಒಲೆಯ ಬೂದಿ. ಸಗಣಿ ಕುಳ್ಳಿನದು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿದ್ದು.

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಇದರ ಉಪಯೋಗ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮಗ್ಗದ ಮೇಲಿನ ಹಾಸು, ಎಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ತೆಗೆದುಬಿಡುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಒಂದು ಗೇಣು ಉಳಿಸಿಕೊಂಡು, ಒಂದೊಂದಕ್ಕೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಕೂಡಿಸುತ್ತಾರೆ. ಬೆರಳು ಜಾರದಿರಲಿ ಎಂದು ಬೂದಿ. ಗದ್ವಾಲದ ನಮ್ಮ ಮನೆಯಲ್ಲಿ ಆ ಕೆಲಸ ನನ್ನದಾಗಿತ್ತು, ಯಾಕೆಂದರೆ ಎಲ್ಲರಿಗಿಂತ ಸಣ್ಣ ಬೆರಳು ನನ್ನವು. ಅಪ್ಪ ಎದುರಿಗೆ ಕೂತು, ಕೈಯಲ್ಲಿ ಖಾಲಿ ಲಾಳಿ ಹಿಡಿದು, ಬಂದವರ ಜೊತೆ ಹತ್ತಿಯ ಮಾತೋ ಮಳೆಯ ಮಾತೋ ಆಡುತ್ತಲೇ ನನ್ನ ಬೆರಳುಗಳನ್ನು ನೋಡುತ್ತಿದ್ದ. ಒಂದು ಎಳೆ ಬಿಟ್ಟು ಮುಂದಿನದಕ್ಕೆ ಹೋದೆನೋ, ಅಲ್ಲಿಂದಾಚೆಗೆ ಎಲ್ಲವೂ ಒಂದೊಂದು ಮನೆ ಜರುಗುತ್ತವೆ. ಅಂಚಿನ ಎಳೆ ಒಡಲಿಗೆ ಬಂದು ಕೂರುತ್ತದೆ. ಟಪ್ ಎಂದು ಗೆಣ್ಣಿನ ಮೇಲೆ ಲಾಳಿ ಬೀಳುತ್ತಿತ್ತು. ‘ಎಲ್ಲಿ ತಪ್ಪೈತಿ?’ ಎಂದರೆ ‘ಹುಡುಕು’ ಎನ್ನುತ್ತಿದ್ದ. ಅಷ್ಟೇ. ಅಳುತ್ತ ಹುಡುಕುತ್ತಿದ್ದೆ, ಸಿಗುತ್ತಿತ್ತು.

ಈಗ ನಲವತ್ತೇಳರ ವಯಸ್ಸಿನಲ್ಲಿ, ನಾರಾಯಣಪೇಟೆಯ ಮನೆಯ ಪಡಸಾಲೆಯಲ್ಲಿ ಕೂತು, ಪೈಥಾನ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಎಂಟರ್ ಒತ್ತುವ ಮೊದಲು ನನಗೇ ತಿಳಿಯದೆ ಕೈ ಆ ಡಬ್ಬಿಗೆ ಹೋಗುತ್ತದೆ. ಬೂದಿ ಮುಟ್ಟಿದರೆ ಧೈರ್ಯ. ಎಂಟರ್ ಗುಂಡಿ ಪೂರ್ತಿ ಬೂದುಬಣ್ಣಕ್ಕೆ ತಿರುಗಿದೆ. ಒಮ್ಮೆ ರಿಪೇರಿಗೆ ಒಯ್ದಾಗ ಅಂಗಡಿಯವನು ಅದನ್ನು ತಲೆಕೆಳಗು ಮಾಡಿ ತಟ್ಟಿ, ‘ಇದರ ಮ್ಯಾಲ ಅಡಿಗಿ ಮಾಡ್ತೀರೇನ್ರೀ ಮೇಡಂ?’ ಎಂದು ಕೇಳಿದ್ದ.

ಕನ್ನಡ ಮಾಧ್ಯಮದ ಮಕ್ಕಳಿಗೆ ಅಕ್ಷರ, ಮಗ್ಗಿ ಕಲಿಸಲು ದಿನಾ ಮಕ್ತಲ್ ಬಸ್ಸು ಹತ್ತುವ ನನಗೆ ಪೈಥಾನ್ ಯಾಕೆ ಬೇಕಿತ್ತು ಎನ್ನುವಿರಾ? ಹಂಸಕ್ಕಾಗಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೆಣ್ಣುಮಕ್ಕಳ ಧಾರೆಯ ಸೀರೆಯನ್ನು ಅಂಗಡಿಯಿಂದ ತರುವುದಿಲ್ಲ, ಮನೆಯ ಮಗ್ಗದಲ್ಲೇ ನೇಯಬೇಕು. ಅದರ ಎರಡೂ ಅಂಚಿನಲ್ಲಿ ಹಂಸಗಳ ಸಾಲು ಇರಬೇಕು. ಮತ್ತು ಆ ಹಂಸಗಳೆಲ್ಲ ಸೆರಗಿನ ಕಡೆಗೆ ನಡೆಯುತ್ತಿರಬೇಕು. ಹುಡುಗಿ ಮುಂದಕ್ಕೆ ಹೋಗುವಾಕೆ, ಹಕ್ಕಿಯೂ ಮುಂದಕ್ಕೇ ಹೋಗಬೇಕು ಎಂದು ಅವ್ವ ಹೇಳುತ್ತಿದ್ದಳು. ಅವ್ವನಿಗೆ, ನನಗೆ, ಎಲ್ಲರಿಗೂ ಹಾಗೇ ಆಗಿದೆ. ಈಗ ಅಣ್ಣ ಬಸಣ್ಣನ ಮಗಳು ಗಿರಿಜಾಳ ಮದುವೆ ಗೊತ್ತಾಗಿತ್ತು. ಅಣ್ಣ ಹಾಸು ಏರಿಸಿ, ಅಂಚಿಗೆ ರೇಷ್ಮೆ, ಜರಿ ತಂದಿಟ್ಟು, ಅಟ್ಟದ ಮೇಲಿನ ರಟ್ಟುಗಳನ್ನು ಇಳಿಸಿ ನೋಡಿದರೆ ಗೆದ್ದಲು ತಿಂದು ಜಾಳಿಗೆ ಮಾಡಿತ್ತು.

ರಟ್ಟು ಎಂದರೆ, ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡ್ ಪೆಟ್ಟಿಗೆಗೆ ಹಾಕುವ ತೂತುಗಳ ರಟ್ಟು. ಒಂದು ರಟ್ಟಿಗೆ ಚಿತ್ರದ ಒಂದು ಸಾಲು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ಎಲ್ಲವನ್ನೂ ದಾರದಲ್ಲಿ ಸರದ ಹಾಗೆ ಹೊಲಿದು ಏರಿಸಿದರೆ, ಒಂದರ ಹಿಂದೊಂದು ಬಂದು ಹಂಸ ಮೂಡುತ್ತದೆ. ಪುಣ್ಯಕ್ಕೆ ಅಪ್ಪ ಚೌಕಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಚಿತ್ರ ಉಳಿದಿತ್ತು. ಸೀಸಕಡ್ಡಿಯಲ್ಲಿ ತುಂಬಿದ ಸಾವಿರಾರು ಚಿಕ್ಕ ಚಿಕ್ಕ ಮನೆಗಳು. ಅದನ್ನು ಸಾಲುಸಾಲಾಗಿ ಓದಿ, ಯಾವ ಮನೆ ತುಂಬಿದೆ ಎಂದು ಪಟ್ಟಿ ಮಾಡಿದರೆ ರಟ್ಟು ಹೊಡೆಯುವವರು ತೂತು ಹಾಕಿಕೊಡುತ್ತಾರೆ.

‘ನೀನೇ ಓದಿ ಬರಕೊಡು ತಂಗಿ’ ಎಂದ ಅಣ್ಣ ಫೋನಿನಲ್ಲಿ. ‘ನನ್ನ ಚಷ್ಮಾ ಬದ್ಲಿ ಮಾಡ್ಸಬೇಕು. ಟೈಮ್ ಸಿಗವಲ್ದು.’

ಚಷ್ಮಾ ಬದಲಿಸಬೇಕು ಎಂದು ಅವನು ಹೇಳುತ್ತ ಎಷ್ಟು ದಿನವಾಯಿತು ಎಂದು ನಾನು ಆಗ ಲೆಕ್ಕ ಹಾಕಲಿಲ್ಲ.

ಮೊದಲು ಕೈಯಲ್ಲೇ ಬರೆಯಲು ಕೂತೆ. ಹನ್ನೊಂದನೇ ಸಾಲಿಗೆ ಕಣ್ಣು ಮಂಜಾಯಿತು. ಹದಿಮೂರನೆಯದನ್ನು ಎರಡು ಸಲ ಎಣಿಸಿದರೆ ಎರಡು ಉತ್ತರ ಬಂತು. ಗೆಣ್ಣು ತಂತಾನೇ ಚುರುಗುಟ್ಟಿತು. ಶಾಲೆಯಲ್ಲಿ ಹೊಸದಾಗಿ ಬಂದ ಟೀಚರೊಬ್ಬಳು, ಫೋನಿನಲ್ಲಿ ಎಐ ಸಹಾಯಕ ಇದೆಯಲ್ಲ, ಅದನ್ನು ಕೇಳಿದರೆ ಚಿತ್ರದ ಫೋಟೊದಿಂದ ಪಟ್ಟಿ ತೆಗೆಯುವ ಸ್ಕ್ರಿಪ್ಟ್ ಬರೆಯುವುದನ್ನೇ ಕಲಿಸುತ್ತದೆ ಎಂದಳು. ಸ್ಕ್ರಿಪ್ಟ್ ಎಂದರೆ ನಾಟಕದ್ದು ಎಂದುಕೊಂಡಿದ್ದವಳು ನಾನು. ಆದರೂ ರಾಯಚೂರಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ತರಿಸಿ, ರವಿವಾರ ಮಧ್ಯಾಹ್ನ ಊಟ ಮುಗಿಸಿ, ಬೂದಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತೆ.

ಕಲಿಸಿತು, ಸುಳ್ಳು ಹೇಳಬಾರದು. ನಮ್ಮ ಕನ್ನಡಕ್ಕೂ ಅದರ ಕನ್ನಡಕ್ಕೂ ಮಾತ್ರ ಕೃಷ್ಣಾ ನದಿಯಷ್ಟು ಅಂತರ. ನಾನು ‘ಇದು ಯಾಕ ನಡಿವಲ್ದು?’ ಎಂದು ಬರೆದರೆ ಅದು ‘ನಿಮ್ಮ ಪ್ರಶ್ನೆ ಬಹಳ ಸೊಗಸಾಗಿದೆ! ಬನ್ನಿ, ಒಟ್ಟಿಗೆ ನೋಡೋಣ’ ಎನ್ನುತ್ತಿತ್ತು. ನಡೆಯದಿರುವುದರಲ್ಲಿ ಸೊಗಸೇನು ಬಂತು? ತಪ್ಪಾಗಿ ಬರೆದರೆ ‘ಉತ್ತಮ ಪ್ರಯತ್ನ’. ಅದೇ ತಪ್ಪನ್ನು ಮೂರನೇ ಸಲ ಮಾಡಿದರೂ ‘ನೀವು ಸರಿಯಾದ ದಾರಿಯಲ್ಲಿದ್ದೀರಿ’. ಒಮ್ಮೆ ಬೇಕೆಂತಲೇ ಅಸಂಬದ್ಧವಾಗಿ ಏನೋ ಕುಟ್ಟಿ ಕಳಿಸಿದೆ. ‘ಕುತೂಹಲಕರ ಆಲೋಚನೆ!’ ಎಂದಿತು. ಮಗ್ಗದ ರಟ್ಟುಗಳೇ ಕಂಪ್ಯೂಟರಿನ ಪೂರ್ವಜರು, ನೀವು ದೊಡ್ಡ ಪರಂಪರೆಯವರು ಎಂದು ಒಮ್ಮೆ ಉಬ್ಬಿಸಿತು. ಅದನ್ನು ಅಣ್ಣನಿಗೆ ಹೇಳಿದರೆ, ‘ಹಂಗಂದ್ರ ನಾವು ಅದಕ್ಕ ಬೀಗರಾದ್ವಿ ಅನ್ನು. ಮದಿವಿಗೆ ಕರಿ’ ಎಂದ.

ನನಗೆ ಪುಕುಪುಕು ಶುರುವಾದದ್ದು ಇಲ್ಲಿಂದಲೇ. ‘ಬೈದು ಹೇಳಾವ್ರು ಬದುಕಾಕ ಹೇಳ್ತಾರ, ನಕ್ಕು ಹೇಳಾವ್ರು ಕೆಡಾಕ ಹೇಳ್ತಾರ’ ಎಂಬ ಗಾದೆಯನ್ನು ಅವ್ವ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಈ ಗುರು ಬರೀ ನಗುತ್ತಲೇ ಇದೆ. ಬೈಯದವನ ಹತ್ತಿರ ವಿದ್ಯೆ ಕಲಿತ ಅನುಭವ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಒಂದು ದಿನ ತಡೆಯಲಾರದೆ ಬರೆದೆ: ‘ಇನ್ನು ಮುಂದೆ ನಾನು ತಪ್ಪು ಮಾಡಿದರೆ ನೀನು ನನ್ನನ್ನು ಬೈಯಬೇಕು.’ ಆಗಲಿ ಎಂದು ಒಪ್ಪಿಕೊಂಡು, ಮುಂದಿನ ತಪ್ಪಿಗೆ ‘ಶರಣಮ್ಮನವರೇ, ಇಲ್ಲಿ ನೀವು ಸ್ವಲ್ಪ ಹೆಚ್ಚು ಗಮನ ಕೊಡಬಹುದಿತ್ತು. ಆದರೂ ಚಿಂತೆಯಿಲ್ಲ!’ ಎಂದಿತು. ಇದು ಬೈಗುಳವೇ? ನಮ್ಮ ಓಣಿಯಲ್ಲಿ ಮದುವೆಗೆ ಕರೆಯುವಾಗಲೂ ಇದಕ್ಕಿಂತ ಖಾರವಾಗಿ ಮಾತಾಡುತ್ತಾರೆ.

ನನ್ನ ಸಮಾಧಾನಕ್ಕೆ ಉಳಿದದ್ದು ಪೈಥಾನಿನ ಕೆಂಪಕ್ಷರ ಮಾತ್ರ. ಸಾಲಿನ ಮುಂದೆ ಬಿಡಬೇಕಾದ ಜಾಗ ಬಿಡದಿದ್ದರೆ, ಒಂದು ಕಂಸ ಮುಚ್ಚದಿದ್ದರೆ, ಅದು ಪರದೆಯ ತುಂಬ ಕೆಂಪಗೆ ಕಾರುತ್ತಿತ್ತು. ಅರ್ಥವಾಗದಿದ್ದರೂ ಹಿತವಾಗುತ್ತಿತ್ತು. ‘ಹಾಂ, ನೋಡುವವರೊಬ್ಬರು ಇದ್ದಾರೆ’ ಎನಿಸುತ್ತಿತ್ತು. ಮೈಮೇಲೆ ಬಂದ ಹಾಗೆ ಅದು ಒದರುವುದು, ಈ ಗುರು ನಗುತ್ತ ಅದನ್ನು ನನಗೆ ಬಿಡಿಸಿ ಹೇಳುವುದು. ಹೀಗೆ ಎಷ್ಟೋ ರವಿವಾರಗಳು ಹೋದವು. ಕೊನೆಗೊಂದು ದಿನ ಕೆಂಪಕ್ಷರ ಬರಲೇ ಇಲ್ಲ. ಪರದೆಯ ಮೇಲೆ ಅಪ್ಪನ ಹಂಸ, ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ, ಬಾಲ ಕೆಳಗೆ, ಕೊಕ್ಕು ಮೇಲೆ, ಹಲ್ಲಿ ಗೋಡೆ ಹತ್ತಿದಂತೆ ಮೂಡಿತು. ಪಕ್ಕದಲ್ಲಿ ಪಟ್ಟಿ: ಸಾಲು ಒಂದು, ಸಾಲು ಎರಡು, ಸಾಲು ಮೂರು. ‘ಅದ್ಭುತ! ನೀವು ಸಾಧಿಸಿದಿರಿ!’ ಎಂದಿತು ಗುರು.

ಸಂತೋಷಪಡಬೇಕಿತ್ತು. ಆದರೆ ಕೆಂಪಕ್ಷರ ಬಂದಾಗ ಇಲ್ಲದ ಅಂಜಿಕೆ ಅದು ಬರದಿದ್ದಾಗ ಬಂತು. ಮನೆಗಳನ್ನು ಎಣಿಸಿ ನೋಡಿದೆ, ಸರಿ ಇತ್ತು. ಇನ್ನೊಮ್ಮೆ ಎಣಿಸಿದೆ, ಆಗಲೂ ಸರಿ. ‘ಎಲ್ಲಾದರೂ ತಪ್ಪಿದೆಯೇ?’ ಎಂದು ಗುರುವನ್ನು ಕೇಳಿದೆ. ಇಲ್ಲ, ಎಲ್ಲ ಪರಿಪೂರ್ಣ ಎಂದಿತು. ಇನ್ನೊಂದು ಸಲ ನೋಡು ಎಂದೆ. ಇನ್ನೊಂದು ಸಲ ಪರಿಪೂರ್ಣ ಎಂದಿತು.

ರಟ್ಟು ಹೊಡೆಯುವ ಚಾಚಾ ನಮ್ಮ ಪೇಟೆಯವರೇ. ಪಟ್ಟಿಯನ್ನು ಕೈಗೆ ಕೊಟ್ಟು, ‘ಚಾಚಾ, ಒಂದ್ಸಲ ಕಣ್ಣಾಡ್ಸರಿ, ತಪ್ಪಿದ್ರ ಹೇಳ್ರಿ’ ಎಂದೆ.

‘ಕಂಪ್ಯೂಟರಿನಾಗ ತೆಗದೀರಿ, ತಪ್ಪು ಹೆಂಗ ಬರ್ತದಮ್ಮಾ? ಒಂದನೇ ನಂಬರಿಗೆ ಒಂದನೇ ರಟ್ಟು. ಫಿಕರ್ ನಕ್ಕೋ ಕರೋ, ಚಿಂತಿ ಬ್ಯಾಡ’ ಎಂದರು ಚಾಚಾ.

ನೋಡಿ, ಎಲ್ಲರೂ ಹೀಗೆಯೇ. ಲೋಕದಲ್ಲಿ ತಪ್ಪು ಹೇಳುವವರೇ ಮುಗಿದುಹೋದರೇ ಎನಿಸಿತು.

ರಟ್ಟಿನ ಸರವನ್ನು ಹಳೆಯ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಶನಿವಾರ ಬಸ್ಸು ಹತ್ತಿದೆ. ಮಕ್ತಲ್‌ನಲ್ಲಿ ಇಳಿದು ಗದ್ವಾಲದ ಬಸ್ಸು ಹಿಡಿದಾಗ ಪಕ್ಕದಲ್ಲಿ ಕೂತ ಅಜ್ಜಿ ಗಂಟನ್ನೇ ನೋಡುತ್ತಿದ್ದಳು. ‘ಅದೇಮಿ ಅಮ್ಮಾ?’ ಎಂದಳು ತೆಲುಗಿನಲ್ಲಿ. ‘ಹಂಸಲು’ ಎಂದೆ. ಅಜ್ಜಿ ಕಾಲು ಹಿಂದಕ್ಕೆ ತೆಗೆದುಕೊಂಡು, ‘ಬತಿಕುನ್ನಾಯಾ?’ ಎಂದಳು, ಜೀವಂತ ಇದ್ದಾವೇನು ಎಂದು. ನನ್ನ ಸಂಶಯವೂ ಅದೇ ಎಂದು ಆಕೆಗೆ ಹೇಗೆ ಹೇಳಲಿ? ಜೂರಾಲ ಅಣೆಕಟ್ಟು ದಾಟುವಾಗ ಎಲ್ಲರೂ ನೀರು ನೋಡುತ್ತಿದ್ದರು. ನಾನು ಗಂಟು ಬಿಚ್ಚಿ ಒಂದನೇ ರಟ್ಟಿನ ತೂತುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದೆ. ಹಾಸು ಒಂದೇ. ಜರಿ ತಂದಿಟ್ಟಷ್ಟೇ. ಮದುವೆಗೆ ಮೂರು ವಾರ. ಎಲ್ಲೋ ಒಂದು ಎಳೆ ಬಿಟ್ಟಿದ್ದೇನೆ, ಎಲ್ಲಿ ಎಂದು ಗೊತ್ತಿಲ್ಲ, ಗೆಣ್ಣಿನ ಮೇಲೆ ಹೊಡೆಯುವವರೂ ಇಲ್ಲ.

ಅಣ್ಣ ಅದೇ ಸಂಜೆ ರಟ್ಟು ಏರಿಸಿದ. ಮರುದಿನ ಬೆಳಿಗ್ಗೆ ಅಣ್ಣನ ಹೆಂಡತಿ ವೈನಿ ಮಗ್ಗಕ್ಕೆ ಊದಿನಕಡ್ಡಿ ಬೆಳಗಿದಳು. ಅಣ್ಣ ಮಗ್ಗದ ಗುಂಡಿಗೆ ಇಳಿದು ಕೂತು ಲಾಳಿ ಓಡಿಸಿದ. ನಮ್ಮ ಮನೆಯ ನೇಯ್ಗೆಯಲ್ಲಿ ಸೀರೆ ಒಳತುದಿಯಿಂದ ಶುರುವಾಗುತ್ತದೆ, ಸೆರಗು ಕೊನೆಗೆ. ನನಗೆ ಅಲ್ಲಿ ಕೂತು ನೋಡುವ ಧೈರ್ಯವಾಗದೆ ಅಡುಗೆಮನೆಗೆ ಹೋಗಿ ವೈನಿಯ ಜೊತೆ ಜೋಳದ ರೊಟ್ಟಿ ಬಡಿದೆ. ಅಲ್ಲಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು. ಅಪ್ಪನದಾದರೆ ಒಂದೇ ಹದದಲ್ಲಿ ಬೀಳುತ್ತಿತ್ತು. ಅಣ್ಣನದು ನಡುನಡುವೆ ನಿಂತು, ಏನೋ ತಡವಿ, ಮತ್ತೆ ಶುರುವಾಗುತ್ತಿತ್ತು. ‘ಅಣ್ಣ ಯಾಕ ಹಂಗ ನಿಂದ್ರಸ್ತಾನ?’ ಎಂದು ವೈನಿಯನ್ನು ಕೇಳಿದೆ. ಆಕೆ ರೊಟ್ಟಿ ತಿರುವುತ್ತ, ‘ಹಂಗ ಆಗೇತ್ರಿ ಈಗೀಗ’ ಎಂದಳು.

ಊಟದ ಹೊತ್ತಿಗೆ ಗಿರಿಜಾ ಓಡಿ ಬಂದು, ‘ಅತ್ತಿ, ಬರ್ರಿ! ಹಂಸ ಬಂದಾವ! ಭಾಳ ಚಂದ ಐತಿ’ ಎಂದು ಕೈಹಿಡಿದು ಎಳೆದಳು. ಹೋದೆ. ಎರಡೂ ಅಂಚಿನಲ್ಲಿ ಮೂರು ಜೋಡಿ ಹಂಸ ಮೂಡಿದ್ದವು. ಜರಿ ಹೊಳೆಯುತ್ತಿತ್ತು. ಕೊಕ್ಕು, ಕಣ್ಣು, ಬಾಲದ ಗರಿ, ಒಂದೂ ಎಳೆ ತಪ್ಪಿರಲಿಲ್ಲ. ಅಣ್ಣ ಅಂಚಿನ ಮೇಲೆ ಬೆರಳಾಡಿಸುತ್ತ, ‘ಛಲೋ ಬಂದೈತಿ ತಂಗಿ. ಅಪ್ಪ ಇದ್ದಿದ್ರ ಅಂವನೂ ಒಪ್ತಿದ್ದ’ ಎಂದ.

ಹಂಸಗಳು ಅವನ ಕಡೆಗೆ ನಡೆಯುತ್ತಿದ್ದವು.

ಮುಂದೆ ನೇಯಬೇಕಾದ ಹಾಸಿನ ಕಡೆಗೆ, ಸೆರಗಿನ ಕಡೆಗೆ ಕೊಕ್ಕಿರಬೇಕಿತ್ತು. ಇವು ನೇಯುವವನ ಹೊಟ್ಟೆಯ ಕಡೆಗೆ ಮುಖ ಮಾಡಿ, ಹೊರಟ ದಾರಿಗೇ ವಾಪಸು ಬರುತ್ತಿದ್ದವು. ತಪ್ಪು ಒಂದೇ ಕ್ಷಣದಲ್ಲಿ ಹೊಳೆಯಿತು. ಬರೆದದ್ದನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ, ಲೋಕವೆಲ್ಲ ಹಾಗೇ ಓದುತ್ತದೆ. ಆದರೆ ಬಟ್ಟೆ ತಳದಿಂದ ಮೇಲಕ್ಕೆ ಬೆಳೆಯುವಂಥದ್ದು, ಹಾಗಾಗಿ ನೇಯುವವರು ಮಾತ್ರ ಚೌಕಳಿಯನ್ನು ತಳದ ಸಾಲಿನಿಂದ ಓದುತ್ತಾರೆ. ಅಪ್ಪನ ಲೆಕ್ಕದಲ್ಲಿ ಒಂದನೇ ಸಾಲು ಎಂದರೆ ಪುಟದ ಕಟ್ಟಕಡೆಯ ಸಾಲು, ಬಾಲದ್ದು. ನನ್ನ ಸ್ಕ್ರಿಪ್ಟು ಕೊಕ್ಕಿನ ಸಾಲಿಗೆ ಒಂದನೇ ನಂಬರು ಕೊಟ್ಟಿತ್ತು. ಅದನ್ನು ನಾನು ಗುರುವಿಗೆ ಹೇಳಿರಲೇ ಇಲ್ಲ. ಯಾಕೆಂದರೆ ನನಗೂ ಯಾರೂ ಹೇಳಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ಶಾಲೆಯಲ್ಲಿ ಮಕ್ಕಳಿಗೆ ಮೇಲಿನಿಂದ ಕೆಳಕ್ಕೆ ಓದಿಸಿ ಓದಿಸಿ, ಮಗ್ಗದ ಮಗಳು ಉಸಿರಾಡುವುದನ್ನೇ ಮರೆತಿದ್ದೆ.

ಆದರೆ ನಾನು ಬೆಚ್ಚಿದ್ದು ಅದಕ್ಕಲ್ಲ. ನಲವತ್ತು ವರ್ಷ ಮಗ್ಗದಲ್ಲಿ ಕೂತ ಅಣ್ಣ, ಓಣಿಯ ಯಾವ ಮನೆಯಲ್ಲಿ ಯಾವ ಎಳೆ ಸಡಿಲವಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ ಅಣ್ಣ, ಹೊಟ್ಟೆಗೆ ಕುಕ್ಕುವಷ್ಟು ಹತ್ತಿರದಲ್ಲಿದ್ದ ಆರು ಕೊಕ್ಕುಗಳನ್ನು ನೋಡಿ ‘ಛಲೋ ಬಂದೈತಿ’ ಎಂದಿದ್ದ. ಚಷ್ಮಾ, ಟೈಮ್ ಸಿಗವಲ್ದು, ನೀನೇ ಓದಿ ಬರಕೊಡು. ಎಲ್ಲ ಒಂದೇ ಸಲಕ್ಕೆ ಎದೆಗೆ ಬಂದು ಬಡಿಯಿತು. ನನ್ನ ಅಣ್ಣನಿಗೆ ಕಣ್ಣು ಕಾಣುತ್ತಿಲ್ಲ.

ಗಿರಿಜಾಗೆ ಹಂಸದ ದಿಕ್ಕು ಗೊತ್ತಾಗಿಲ್ಲ. ವೈನಿ ಒಳಗಿದ್ದಾಳೆ. ನಾನು ಸುಮ್ಮನಿದ್ದರೆ ಸೀರೆ ಮುಗಿಯುತ್ತದೆ, ಮದುವೆಯಾಗುತ್ತದೆ, ಒಬ್ಬರಿಗೂ ತಿಳಿಯುವುದಿಲ್ಲ. ಹೇಳಿದರೆ ಹಂಸದ ತಪ್ಪಿನ ಜೊತೆ ಅಣ್ಣನ ಕಣ್ಣನ್ನೂ ಮಗಳ ಮುಂದೆಯೇ ಹೇಳಿದಂತೆ. ನಾಲಿಗೆ ತುದಿಗೆ ಒಂದು ಮಾತು ಬಂತು, ನಿಜವಾಗಿ ಬಂತು: ‘ಭಾಳ ಚಂದ ಬಂದೈತಿ ಅಣ್ಣಾ.’ ಬಾಯಿ ತೆರೆದವಳು ಹೆದರಿ ಮುಚ್ಚಿಕೊಂಡೆ. ಅದು ನನ್ನ ಮಾತಾಗಿರಲಿಲ್ಲ, ಫೋನಿನೊಳಗಿನ ಗುರುವಿನ ದನಿ ಅದು. ಇಷ್ಟು ದಿನ ಬೈಯುವವರಿಲ್ಲ, ತಪ್ಪು ಹೇಳುವವರಿಲ್ಲ ಎಂದು ಗೋಳಾಡಿದವಳು ನಾನೇ ಅಲ್ಲವೇ?

‘ಗಿರಿಜಾ, ಒಂದು ತಂಬಿಗಿ ನೀರು ತಗೊಂಡು ಬಾ’ ಎಂದೆ. ಅವಳು ಹೋದ ಮೇಲೆ ಗುಂಡಿಯ ಅಂಚಿಗೆ ಕೂತು, ಅಣ್ಣನ ತೋರುಬೆರಳು ಹಿಡಿದು, ಹಂಸದ ಬಾಲದ ಮೇಲಿಟ್ಟು, ಅಲ್ಲಿಂದ ಕೊಕ್ಕಿನವರೆಗೆ ಎಳೆದೆ. ಬೆರಳು ಅವನ ಹೊಟ್ಟೆಯ ಕಡೆಗೇ ಬಂತು.

ಅಣ್ಣ ಕೈ ಬಿಡಿಸಿಕೊಂಡ. ಆಮೇಲೆ ತಾನೇ ಬೆರಳನ್ನು ಇನ್ನೊಂದು ಹಂಸದ ಮೇಲಿಟ್ಟು ಎಳೆದ. ಮತ್ತೊಂದರ ಮೇಲೆ ಎಳೆದ.

‘ತಳದಿಂದ ಓದಿಲ್ಲ ನೀ.’

‘ಇಲ್ಲಣ್ಣಾ.’

‘ಮ್ಯಾಲಿಂದ ಓದೀದಿ.’

‘ಹೂಂ.’

‘ಬುದ್ಧಿಗಿದ್ಧಿ ಐತೇನ ನಿನಗ? ಯಾರ ಮಗಳಾ ನೀ? ಮಕ್ಕಳಿಗೆ ಅಕ್ಷರ ಕಲ್ಸಾಕ ಹೋಗಿ ಇದ್ದ ಅಕ್ಕಲ್ ಕಳ್ಕೊಂಡು ಬಂದೀಯೇನು? ಹಂಸ ಹಿಂದಕ್ಕ ನಡಿತಾವೇನ ಲೋಕದಾಗ?’ ದನಿ ಏರುತ್ತ ಹೋಯಿತು. ‘ನಾನರ ಕುಲ್ಡ. ನಿನಗೇನಾಗಿತ್ತ ಧಾಡಿ?’ ಎಂದವನೇ ಕೈಯಲ್ಲಿದ್ದ ಲಾಳಿಯಿಂದ ಟಪ್ ಎಂದು ನನ್ನ ಗೆಣ್ಣಿಗೆ ಹೊಡೆದ.

ನೋವಾಯಿತು. ಕಣ್ಣಲ್ಲಿ ನೀರೂ ಬಂತು. ಆದರೆ ಪಟ್ಟಿ ಬಂದ ದಿನದಿಂದ ಕಾಡುತ್ತಿದ್ದ ಅಂಜಿಕೆ ಆ ಹೊಡೆತಕ್ಕೆ ಇಳಿದುಹೋಯಿತು. ಅವನು ತನ್ನನ್ನು ‘ಕುಲ್ಡ’, ಕುರುಡ ಎಂದು ಕರೆದುಕೊಂಡದ್ದು ನನಗೂ ಕೇಳಿತ್ತು, ಅವನಿಗೂ ಕೇಳಿತ್ತು. ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿರಿಜಾಗೂ ಕೇಳಿತ್ತು. ಅವಳು ತಂಬಿಗೆಯನ್ನು ಕೆಳಗಿಟ್ಟು ಅಪ್ಪನ ಪಕ್ಕ ಬಂದು ಕೂತಳು.

ಮಧ್ಯಾಹ್ನವೆಲ್ಲ ರಟ್ಟಿನ ಸರ ಬಿಚ್ಚಿ, ಕೊನೆಯದನ್ನು ಮೊದಲಿಗೆ ತಂದು ಮತ್ತೆ ಹೊಲಿದೆವು. ಅಣ್ಣ ನಂಬರು ಕೇಳುವುದು, ನಾನು ಹೇಳುವುದು, ಗಿರಿಜಾ ಹೊಲಿಯುವುದು. ಆಮೇಲೆ ನೇಯ್ದದ್ದನ್ನು ಬಿಚ್ಚಲು ಕೂತೆವು. ಬೂದಿ ಡಬ್ಬಿ ನನ್ನ ಚೀಲದಲ್ಲೇ ಇತ್ತು. ಮೂರನೇ ಜೋಡಿ ಹೋಯಿತು, ಎರಡನೇ ಜೋಡಿ ಹೋಯಿತು. ಮೊದಲನೆಯದಕ್ಕೆ ಕೈ ಹಾಕುವಾಗ ಅಣ್ಣ ತಡೆದ.

‘ಅದೊಂದು ಇರ್ಲಿ ಬಿಡು. ಉಟ್ಟಾಗ ಸೊಂಟದಾಗ ಒಳಗ ಹೋಗತೈತಿ, ಯಾರಿಗೂ ಕಾಣಂಗಿಲ್ಲ.’ ಬೂದಿ ಹತ್ತಿದ ಬೆರಳನ್ನು ಆ ಹಂಸದ ಮೇಲೆ ಆಡಿಸಿ, ‘ಇನ್ನ ಮ್ಯಾಲ ನನ್ನ ನೇಯ್ಗಿ ನೀನೇ ನೋಡಬೇಕು, ತಂಗಿ. ತಪ್ಪಿದ್ರ ತಪ್ಪು ಅನ್ನು. ಮುಲಾಜಿ ಮಾಡಬ್ಯಾಡ’ ಎಂದ. ಮರುವಾರ ಗಿರಿಜಾಳೇ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಂದು ಕಣ್ಣಿನ ಮೇಲೆ ಅವರಿಗೆ ಇನ್ನೂ ಭರವಸೆ ಇದೆಯಂತೆ.

ನಾರಾಯಣಪೇಟೆಗೆ ವಾಪಸು ಬಂದು, ನೇಯುವವರು ತಳದಿಂದ ಓದುತ್ತಾರೆ ಎಂದು ಗುರುವಿಗೆ ತಿಳಿಸಿದೆ. ತನ್ನ ತಪ್ಪಿಗೆ ಕ್ಷಮೆ ಕೇಳಿ, ಇದು ಅಮೂಲ್ಯವಾದ ಮಾಹಿತಿ ಎಂದು ಹೊಗಳಿ, ಒಂದೇ ಒಂದು ಸಾಲು ಬದಲಿಸಿಕೊಟ್ಟಿತು. ಎಂಟರ್ ಒತ್ತಿದೆ. ಕೆಂಪಕ್ಷರ ಬರಲಿಲ್ಲ. ಈಗಲೂ ಬರದಿದ್ದರೆ ನನಗೆ ಅಂಜಿಕೆಯೇ. ಯಾವ ಹೊಸ ಚಿತ್ರದ ಪಟ್ಟಿ ತೆಗೆದರೂ ಅದನ್ನು ಫೋನಿನಲ್ಲಿ ಅಣ್ಣನಿಗೆ ಒಂದೊಂದೇ ಸಾಲು, ತಳದಿಂದ, ಓದಿ ಹೇಳುತ್ತೇನೆ. ಅವನು ನಡುವೆ ಎಲ್ಲಾದರೂ ‘ತಡಿ, ಏನಂದಿ?’ ಎಂದು ಗದರಿದ ಮೇಲೆಯೇ ನನಗೆ ನಿದ್ದೆ.

ಮದುವೆಯ ದಿನ ಗಿರಿಜಾಳಿಗೆ ಸೀರೆ ಉಡಿಸಿದ್ದು ನಾನೇ. ಒಳತುದಿಯನ್ನು ನಡಕ್ಕೆ ಸಿಕ್ಕಿಸುವಾಗ ಆ ಜೋಡಿ ಕೈಗೆ ಹತ್ತಿತು. ಹೊರಗೆ ಅಂಚಿನುದ್ದಕ್ಕೂ ಹಂಸಗಳೆಲ್ಲ ಸೆರಗಿನ ಕಡೆಗೆ ನಡೆದು ಹೋಗುತ್ತಿದ್ದವು. ಒಳಗಿನ ಎರಡು ಮಾತ್ರ ತಿರುಗಿ ನಮ್ಮ ಮನೆಯ ಕಡೆಗೇ ನೋಡುತ್ತಿದ್ದವು. ‘ಅತ್ತಿ, ಸರಿ ಐತೇನು?’ ಎಂದು ಹುಡುಗಿ ಕೇಳಿದಳು. ನಾನು ಸೀರೆಯನ್ನು ತಳದಿಂದ ಮೇಲಕ್ಕೆ ಒಮ್ಮೆ ಪೂರ್ತಿ ನೋಡಿ, ‘ನಿರಗಿ ಸೊಟ್ಟ ಐತಿ, ನೆಟ್ಟಗ ನಿಂದ್ರು’ ಎಂದು ಗದರಿದೆ.